ನೂರಾರು ಗಾಡಿಗಳ ಪರವಾಗಿ ಉಸಿರಾಡಿದ ಕಾರು

ಹೊಗೆ ತಪಾಸಣೆ ಕೇಂದ್ರದ ಕೆಲಸ ಬಿಟ್ಟು ಎಂಟು ತಿಂಗಳಾಯಿತು. ನನಗೆ ಮೂವತ್ತೊಂದು ವರ್ಷ. ಈ ವಯಸ್ಸಿನವನು ನಿವೃತ್ತಿಯ ನೆನಪು ಬರೆಯುತ್ತೇನೆಂದರೆ ಮನೆಯಲ್ಲಿ ನಗುತ್ತಾರೆ. ಆದರೆ ಆ ಕಸುಬಿಗೆ ಮತ್ತೆ ಕಾಲಿಡುವುದಿಲ್ಲ. ಅದರ ಮಟ್ಟಿಗೆ ನಾನು ನಿವೃತ್ತನೇ. ಈಗ ಯಳಂದೂರಿನಲ್ಲಿ ಬ್ಯಾಟರಿ ಆಟೋಗಳ ರಿಪೇರಿ ಕಲಿಯುತ್ತಿದ್ದೇನೆ.

ಐಟಿಐಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ಮೊನ್ನೆ ಸಿಕ್ಕಿದ್ದರು. ಈ ವರ್ಷ ಇಬ್ಬರು ಹೊಗೆ ತಪಾಸಣೆಯ ಕೆಲಸಕ್ಕೆ ಸೇರುತ್ತಿದ್ದಾರೆ, ಅಲ್ಲಿ ನಿಜವಾಗಿ ಏನಿರುತ್ತದೆಂದು ಬರೆದುಕೊಡು ಎಂದರು. ನನ್ನ ಬಳಿ ಒಂಬತ್ತು ಡೈರಿಗಳಿವೆ, ವರ್ಷಕ್ಕೊಂದು. ದಿನಕ್ಕೆ ಎಷ್ಟು ಗಾಡಿ ಬಂತು, ಪೆಟ್ರೋಲ್ ಎಷ್ಟು, ಡೀಸೆಲ್ ಎಷ್ಟು, ಪಾಸು ಎಷ್ಟು, ಫೇಲು ಎಷ್ಟು ಎಂದು ಸ್ಕೇಲಿನಿಂದ ಗೆರೆ ಎಳೆದು ಬರೆದಿದ್ದೇನೆ. ಅವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೇಲಿನ ಲೆಕ್ಕ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಲ್ಲಿ ನಾನು ಫೇಲು ಎಂದ ಗಾಡಿಗಳು ಹನ್ನೊಂದು. ಹನ್ನೊಂದೂ ಮೊದಲ ಮೂರು ತಿಂಗಳಲ್ಲಿ.

ನಮ್ಮ ಕೇಂದ್ರ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಒಂದು ತಗಡಿನ ಶೆಡ್ಡು. ಒಳಗೆ ಕಂಪ್ಯೂಟರು, ಹೊಗೆ ಅಳೆಯುವ ಯಂತ್ರ, ಅದರಿಂದ ಹೊರಟ ಉದ್ದನೆಯ ನಳಿಕೆ. ಆ ನಳಿಕೆಯನ್ನು ಗಾಡಿಯ ಸೈಲೆನ್ಸರಿನೊಳಗೆ ತೂರಿಸಬೇಕು, ಎಂಜಿನ್ನು ಓಡುತ್ತಿರಬೇಕು, ಯಂತ್ರದಲ್ಲಿ ಅಂಕಿ ನಿಲ್ಲುವತನಕ ಕಾಯಬೇಕು. ಆಮೇಲೆ ನಂಬರ್ ಪ್ಲೇಟಿನ ಫೋಟೋ. ಇಷ್ಟೇ ಕೆಲಸ. ಸೇರಿದ ಮೊದಲ ದಿನ ನಾನು ಹೊಗೆಯನ್ನು ನಿಜವಾಗಿಯೂ ಅಳೆಯುತ್ತೇನೆ ಎಂದು ನಂಬಿದ್ದೆ.

ಹನ್ನೊಂದನೆಯ ಗಾಡಿ ಒಡೆಯರಪಾಳ್ಯದ ಕಡೆಯ ಒಬ್ಬ ತರಕಾರಿ ವ್ಯಾಪಾರಿಯದು. ಫೇಲು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇನ್ಶೂರೆನ್ಸ್ ಕಟ್ಟಿದ್ದೀನಿ, ನಾಕು ಟೈರ್ ಆಕ್ಸಿದ್ದೀನಿ, ಗೇರ್ ಬಾಕ್ಸ್ ಬಿಚ್ಚಿ ಮಡಗವ್ರೆ ಅಂತ ಒಂದ್ ವಾರ ಬಸ್ಸಲ್ಲಿ ತಿರುಗಿದ್ದೀನಿ. ಈ ಗಾಡಿ ಎಷ್ಟು ತಿಂದದೆ ಅಂತ ನಿಂಗೊತ್ತಾ? ಅದ್ರಲ್ಲಿ ನಿಂದು ಚಿಲ್ರೆ ಕಾಸಿನ ಚೀಟಿ. ಅದ್ಕೂ ಫೇಲು ಅಂತೀಯಲ್ಲಾ, ನಾಚ್ಕೆ ಆಗಲ್ವಾ?"

ಅವರು ಹೇಳಿದ್ದರಲ್ಲಿ ಒಂದು ಸತ್ಯವಿದೆ, ನೀವೂ ಗಮನಿಸುತ್ತೀರಿ. ಗಾಡಿ ಇಟ್ಟುಕೊಂಡವರ ಖರ್ಚಿನಲ್ಲಿ ನಮ್ಮದು ಅತಿ ಸಣ್ಣದು. ಉಳಿದ ಯಾವುದರಲ್ಲೂ ಅವರಿಗೆ ರಿಯಾಯಿತಿ ಇಲ್ಲ. ಹಾಗಾಗಿ ಇಲ್ಲಿ ಕೇಳುತ್ತಾರೆ.

ನಮ್ಮ ಓನರು ಗುರುಸ್ವಾಮಿಯವರು ಒಳಗಿಂದ ಬಂದು ವ್ಯಾಪಾರಿಗೆ ಕುರ್ಚಿ ಹಾಕಿಸಿದರು. ನನಗೆ ಹೇಳಿದರು: "ಲೇ ನಾಗ, ಆ ನಳಿಕೆ ತಗದು ನಂ ಕಾರ್ಗೆ ಆಕ್ಲಾ."

ಅವರ ಕಾರು ಶೆಡ್ಡಿನ ಪಕ್ಕದಲ್ಲೇ ನಿಂತಿರುತ್ತಿತ್ತು. ಎಲ್ಲ ಊರಿನಲ್ಲೂ ಹತ್ತಾರು ಕಾಣುವಂಥ ಚಿಕ್ಕ ಬಿಳಿ ಪೆಟ್ರೋಲ್ ಕಾರು. ಎಂಜಿನ್ನು ಚೊಕ್ಕಟ. ನಳಿಕೆ ಅದರ ಸೈಲೆನ್ಸರಿಗೆ ಹೋಯಿತು, ಫೋಟೋ ವ್ಯಾಪಾರಿಯ ಗಾಡಿಯದು. ಪಾಸು. ಅವತ್ತಿನಿಂದ ಪೆಟ್ರೋಲ್ ಗಾಡಿ ಯಾವುದೇ ಬರಲಿ, ಯಂತ್ರ ಅಳೆದದ್ದು ಆ ಬಿಳಿ ಕಾರಿನ ಉಸಿರನ್ನು. ನನ್ನ ಹೆಗಲ ಮೇಲಿನ ಟವೆಲು ಸಂಜೆಗೆ ಕಪ್ಪಾಗುತ್ತಿತ್ತು. ಯಂತ್ರದ ಪ್ರಕಾರ ಮೂರು ತಾಲ್ಲೂಕುಗಳ ಗಾಳಿ ನಿರ್ಮಲವಾಗಿತ್ತು.

ನಗು ಬರಿಸುವ ದಿನಗಳೂ ಇದ್ದವು. ಮಾರ್ಟಳ್ಳಿಯಿಂದ ಒಬ್ಬ ಹಿರಿಯರು ಬ್ಯಾಟರಿ ಸ್ಕೂಟರು ತಂದರು. ಯಾರೋ ದಾರಿಯಲ್ಲಿ ಹೊಗೆ ಚೀಟಿ ಎಲ್ಲಿ ಎಂದು ಕೇಳಿ ಹೆದರಿಸಿದ್ದರಂತೆ. ಇದು ಹೊಗೆ ಬಿಡುವುದಿಲ್ಲ, ಚೀಟಿ ಬೇಡ ಎಂದರೆ ಒಪ್ಪಲಿಲ್ಲ.

"ಒಗೆ ಬುಡದಿದ್ರೆ ಬುಡಲ್ಲ ಅಂತ ಬರ್ಕೊಡು ತಂಬಿ."

"ನಳಿಕೆ ತೂರಿಸೋಕೆ ತೂತೇ ಇಲ್ಲವಲ್ಲ ತಾತ."

ಅವರು ಬಗ್ಗಿ ಸ್ಕೂಟರಿನ ಹಿಂಭಾಗವನ್ನು ಬಹಳ ಹೊತ್ತು ನೋಡಿದರು. "ಅಂಗಾದ್ರೆ ಇದು ಜೀವಂತ್ವಾಗದೆ ಅಂತ ಎಂಗ್ ಗೊತ್ತಾಯ್ತದೆ?" ಎಂದರು. ನಾನು ನಕ್ಕೆ. ಆ ಮಾತನ್ನು ಅವತ್ತಿನ ಪುಟದಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಕೆಲಸದ ವಿಧಾನ ಬದಲಾದದ್ದು ಹೇಗೆಂದು ಈಗ ಹೇಳಬೇಕು. ಮೊದಲು ಗಾಡಿ ಬಂದು ನಿಲ್ಲುತ್ತಿತ್ತು. ಆಮೇಲೆ ಖಾಯಂ ಗಿರಾಕಿಗಳು ಫೋನು ಮಾಡಿ, "ನಂದೊಂದು ಮಾಡಿ ಮಡುಗು, ಆ ಕಡೆ ಬಂದಾಗ ತಕತೀನಿ" ಎನ್ನತೊಡಗಿದರು. ಗಾಡಿಯೇ ಬಾರದಿದ್ದರೆ ಪ್ಲೇಟಿನ ಫೋಟೋ ಎಲ್ಲಿಂದ ತರುವುದು? ಅದಕ್ಕೆ ಉಪಾಯ ಕಂಡುಹಿಡಿದವನು ನಾನೇ. ರೇಡಿಯಂ ಸ್ಟಿಕ್ಕರಿನ ಅಂಗಡಿಯಲ್ಲಿ ಅಕ್ಷರ, ಅಂಕಿಗಳನ್ನು ಕತ್ತರಿಸಿಕೊಂಡು ಬಂದು ಹಿಂದೆ ಆಯಸ್ಕಾಂತ ಅಂಟಿಸಿದೆ. ಪ್ಲೇಟಿನ ಅಳತೆಗೆ ಒಂದು ತಗಡಿಗೆ ಬಿಳಿ ಬಣ್ಣ ಹೊಡೆದು ಬಿಳಿ ಕಾರಿನ ಹಿಂದೆ ತೂಗುಹಾಕಿದೆ. ಬೇಕಾದ ನಂಬರನ್ನು ಅರ್ಧ ನಿಮಿಷದಲ್ಲಿ ಜೋಡಿಸುತ್ತಿದ್ದೆ. ಅಂಕಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಕ್ರಮವಾಗಿ ಇಟ್ಟುಕೊಂಡಿದ್ದೆ. ಗುರುಸ್ವಾಮಿಯವರು ಅದನ್ನು ನೋಡಿ ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳಬಾರದು, ಬಹಳ ಹೆಮ್ಮೆಯಾಯಿತು.

ಕೊನೆಗೆ ಫೋನೂ ನಿಂತಿತು. ಯಾರ ಚೀಟಿ ಯಾವತ್ತು ಮುಗಿಯುತ್ತದೆ ಎಂಬ ಪಟ್ಟಿ ನನ್ನ ಡೈರಿಯಲ್ಲೇ ಇತ್ತಲ್ಲ! ಖಾಯಂ ಗಿರಾಕಿಗಳದ್ದನ್ನು ಅವಧಿ ಮುಗಿಯುವ ದಿನ ನಾವೇ ಮಾಡಿಡುವುದು, ಅವರು ಬಂದಾಗ ಒಯ್ಯುವುದು. ಗಾಡಿ ಪಾಸಾಯಿತು ಎಂಬ ಮೆಸೇಜು ಅವರು ಕೊಟ್ಟಿದ್ದ ಫೋನಿಗೆ ತಾನಾಗಿ ಹೋಗುತ್ತಿತ್ತು. ಒಯ್ಯಲು ಬಾರದವರ ಚೀಟಿಗಳನ್ನು ಒಂದು ಡ್ರಾಯರಿಗೆ ಹಾಕುತ್ತಿದ್ದೆ. ಅವರು ಯಾಕೆ ಬರಲಿಲ್ಲ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ನನ್ನ ವೃತ್ತಿಜೀವನದ ದೊಡ್ಡ ತಪ್ಪು ಯಾವುದೆಂದು ನೀವು ಕೇಳಿದರೆ, ಇದು.

ಸೋಮವಾರ ಪಟ್ಟಿ ಉದ್ದವಿರುತ್ತಿತ್ತು. ಬೆಳಿಗ್ಗೆ ಬಿಳಿ ಕಾರನ್ನು ಸ್ಟಾರ್ಟ್ ಮಾಡಿ ಇಳಿದುಬಿಡುತ್ತಿದ್ದೆ. ಒಳಗೆ ಯಾರೂ ಇಲ್ಲದ ಕಾರು ಬಿಸಿಲಿನಲ್ಲಿ ನಿಂತಲ್ಲೇ ಸಣ್ಣಗೆ ನಡುಗುತ್ತಾ ಓಡುತ್ತಿತ್ತು. ನಾನು ನಂಬರು ಜೋಡಿಸುವುದು, ಕಳಚುವುದು, ಇನ್ನೊಂದು ಜೋಡಿಸುವುದು. ಶಾಲೆಯಲ್ಲಿ ಹಾಜರಿ ಕೂಗಿದಂತೆ. ಎಲ್ಲರ ಹೆಸರಿಗೂ ಒಬ್ಬನೇ ಎದ್ದು ನಿಂತಂತೆ. ಶೆಡ್ಡಿನ ಮುಂದೆ ಒಂದು ಗಾಡಿಯೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡೈರಿಯಲ್ಲಿ ಮೂವತ್ತು ನಲವತ್ತು ಗಾಡಿ ಬಂದು ಹೋಗಿರುತ್ತಿದ್ದವು.

ಒಮ್ಮೆ ಹನೂರಿನಿಂದ ಬಸ್ಸಿನಲ್ಲಿ ಬರುವಾಗ ರಸ್ತೆ ಬದಿಯಲ್ಲಿ ಸುಟ್ಟ ಕಾರೊಂದು ಕಂಡಿತು. ಬರೀ ತಗಡು ಉಳಿದಿತ್ತು. ವೈರು ಹತ್ತಿಕೊಂಡಿತಂತೆ, ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ನಾಲ್ಕನೇ ದಿನ ಅದರ ಮಾಲೀಕರು ನಮ್ಮ ಶೆಡ್ಡಿಗೆ ಬಂದರು. ಫೋನು ಮುಂದೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನೋಡ್ಲಾ ಇಲ್ಲಿ! ಸುಟ್ಟು ಬೂದಿಯಾದ್ ಮಾರ್ನೇ ದಿನ ಪಾಸಾಗದೆ. ನನ್ ಕಾರು ಸತ್ಮೇಲೂ ಉಸ್ರಾಡ್ತಾ ಅದೆ ಕಣ್ಲಾ!"

ಗುರುಸ್ವಾಮಿಯವರೂ ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಡೈರಿ ತೆಗೆದು ಆ ಸಾಲನ್ನು ನೋಡಿದೆ. ನನ್ನದೇ ಕೈಬರಹ, ಅಂಕಿ ಸ್ಪಷ್ಟ, ಪಾಸು ಎಂಬುದರ ಕೆಳಗೆ ಗೆರೆ. ಡೈರಿ ಮುಚ್ಚಿಟ್ಟೆ. ಆದರೂ ಮುಂದಿನ ಸೋಮವಾರ ಪಟ್ಟಿ ತೆಗೆದು ಕೂತೆ.

ಇನ್ನು ಜಯಮ್ಮನವರ ವಿಷಯ.

ಅವತ್ತೂ ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ನಾನು ಬಾಗಿಲು ತೆಗೆಯುವಾಗಲೇ ಒಬ್ಬ ಹೆಂಗಸು ಎದುರಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಲವತ್ತೈದರ ಆಸುಪಾಸು, ಒಗೆದು, ಮಡಿಕೆ ಬಿಚ್ಚಿ ಉಟ್ಟ ಸೀರೆ, ಕೈಯಲ್ಲಿ ಒಂದು ಚಿಕ್ಕ ಫೋನು. ನೀರು ಬೇಕೇ ಎಂದು ಕೇಳಿದೆ, ಬೇಡ ಎಂದರು.

"ಯಾವ ಗಾಡಿ ಅಕ್ಕ ನಿಮ್ಮದು?"

"ಬತ್ತದೆ ಬುಡಪ್ಪ, ಇನ್ನೂ ಬಂದಿಲ್ಲ."

ನಾನು ನನ್ನ ಕೆಲಸಕ್ಕೆ ಹೋದೆ. ಬಿಳಿ ಕಾರು ಸ್ಟಾರ್ಟ್ ಆಯಿತು. ಒಂದಾದ ಮೇಲೆ ಒಂದು ನಂಬರು. ಅವರು ರಸ್ತೆಯ ಎರಡೂ ಕಡೆ ನೋಡುತ್ತಾ ಕೂತಿದ್ದರು, ನನ್ನ ಕಡೆಗಲ್ಲ.

ಹನ್ನೊಂದು ನಲವತ್ತಕ್ಕೆ ಇಪ್ಪತ್ತಮೂರನೇ ನಂಬರು ಜೋಡಿಸಿದೆ. ಕೊನೆಗೆ ಎರಡು ಏಳು. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒತ್ತಿದೆ. ಬೆಂಚಿನ ಮೇಲೆ ಫೋನು ಸದ್ದು ಮಾಡಿತು.

ಅವರು ಮೆಸೇಜು ನೋಡಿ ಎದ್ದು ನಿಂತರು. "ಬಂದ್ರು!" ಎಂದರು. ಜೋರಾಗಿ ಅಲ್ಲ, ಒಳಮನೆಗೆ ಹೇಳುವ ಹಾಗೆ. ಸುತ್ತ ನೋಡಿದರು. ಅಂಗಳದಲ್ಲಿ ಒಂದೇ ಕಾರು. ಓಡುತ್ತಿದೆ. ಹಿಂದೆ ಅವರ ನಂಬರಿದೆ. ಅವರು ಹತ್ತಿರ ಬಂದು ಡಿಕ್ಕಿಯ ಮೇಲೆ ಅಂಗೈಯಿಟ್ಟರು. ಆಮೇಲೆ ಬಗ್ಗಿ ಡ್ರೈವರ್ ಕಡೆಯ ಕಿಟಕಿಯಲ್ಲಿ ನೋಡಿದರು.

"ಒಳಗ್ಯಾರೂ ಇಲ್ವಲ್ಲ. ನಮ್ಮೆಜಮಾನ್ರು ಎಲ್ಲಿ?"

ಗುರುಸ್ವಾಮಿಯವರು ಒಳಗಿಂದ ಬಂದವರು ಕ್ಷಣದಲ್ಲಿ ಎಲ್ಲ ಅಂದಾಜು ಮಾಡಿದರು. ಯಾರೋ ಗಿರಾಕಿಯ ಹೆಂಡತಿ, ಗಂಡನನ್ನು ಹುಡುಕಿಕೊಂಡು ಬಂದಿದ್ದಾಳೆ, ಹೇಗಾದರೂ ಸಾಗಹಾಕಬೇಕು; ಅಷ್ಟೇ ಅವರ ತಲೆಗೆ ಬಂದದ್ದು.

"ಗಾಡಿ ಬುಟ್ಟು ಟೀ ಕುಡಿಯೋಕೋದ ಕಣವ್ವಾ. ಬತ್ತಾನೆ."

ಜಯಮ್ಮ ತಲೆಯಾಡಿಸಿದರು. ಸೆರಗು ಸರಿಮಾಡಿಕೊಂಡರು. ಎಡಗಡೆಯ ಬಾಗಿಲು ತೆಗೆದು, ತಾವು ದಿನಾ ಕೂರುತ್ತಿದ್ದ ಜಾಗವೆಂಬಂತೆ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಕಾರು ಓಡುತ್ತಲೇ ಇತ್ತು. ನಳಿಕೆ ಸೈಲೆನ್ಸರಿನೊಳಗೇ ಇತ್ತು. ಯಂತ್ರದ ಮೇಲೆ ಅಂಕಿ ಏರದೆ ಇಳಿಯದೆ ನಿಂತಿತ್ತು. ಗುರುಸ್ವಾಮಿಯವರು ಮೆಲ್ಲಗೆ ಒಳಗೆ ಹೋಗಿಬಿಟ್ಟರು. ನನಗೆ ಆ ನಂಬರನ್ನು ಕಳಚಲು ಕೈ ಬರಲಿಲ್ಲ. ಅವರು ಖಾಲಿ ಸ್ಟೀರಿಂಗಿನ ಪಕ್ಕ ಕೂತು, ಪಕ್ಕದಲ್ಲಿ ಯಾರಾದರೂ ಗಾಡಿ ಓಡಿಸುತ್ತಿದ್ದರೆ ಹೇಗೆ ನೋಡುತ್ತೇವೋ ಹಾಗೆ, ನೆಟ್ಟಗೆ ಮುಂದೆ ನೋಡುತ್ತಿದ್ದರು.

ನಲವತ್ತೈದು ನಿಮಿಷ. ಹನ್ನೆರಡು ಇಪ್ಪತ್ತೈದಕ್ಕೆ ಅವರ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ಬಾಗಿಲು ತೆರೆಯಿತು. ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಇಳಿದು ನನ್ನ ಬಳಿ ಬಂದರು.

"ಇದು ನಮ್ ಕಾರಲ್ಲ."

ಅವರು ತಾವು ಇಳಿದ ಬಾಗಿಲಿನ ಕಡೆ ಕೈ ತೋರಿಸಿದರು.

"ನಮ್ದ್ರಲ್ಲಿ ನನ್ ಕಡೆ ಬಾಗ್ಲು ಒಳಗಿಂದ ತಗಿಯಕ್ಕಾಗಲ್ಲ ಕಣಪ್ಪ. ಅವ್ರೇ ಇಳ್ದು, ಸುತ್ತಿ ಬಂದು ತಗೀಬೇಕು. ರಿಪೇರಿ ಮಾಡ್ಸಿ ಅಂದ್ರೆ, ನಿನ್ನ ಇಳ್ಸಕೆ ನಾನಿಲ್ವಾ ಅನ್ನೋರು. ಇದು ನಾನ್ ಎಳೆದ್ರೆ ತಕ್ಕತು. ನಂ ನಂಬರ್ನ ಇದ್ಕ್ಯಾಕೆ ಆಕಿದ್ದೀಯ?"

ಅವರು ನಿಂತಲ್ಲೇ ಹೇಳುತ್ತಾ ಹೋದರು. ಊರು ಮುಳ್ಳೂರು. ಗಂಡ ಸಿದ್ದರಾಜು ಇಂಥದೇ ಒಂದು ಬಿಳಿ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಒಂದೂವರೆ ವರ್ಷಕ್ಕೂ ಹಿಂದೆ ಮಾರ್ಟಳ್ಳಿ ಕಡೆಯ ಬಾಡಿಗೆ ಎಂದು ಹೋದವರು ಕಾರಿನ ಸಮೇತ ಹಿಂದಿರುಗಲಿಲ್ಲ. ದೂರು ಕೊಟ್ಟರು, ಹುಡುಕಾಟ ಶುರುವಾಯಿತು. ಒಂದು ತಿಂಗಳಿಗೆ, ಸಿದ್ದರಾಜು ನಮ್ಮ ಕೇಂದ್ರದಲ್ಲಿ ಬರೆಸಿದ್ದ ಜಯಮ್ಮನ ಫೋನಿಗೆ ಮೆಸೇಜು ಬಂತು: ಆ ಕಾರು ಕೊಳ್ಳೇಗಾಲದಲ್ಲಿ ಹೊಗೆ ಪರೀಕ್ಷೆಯಲ್ಲಿ ಪಾಸಾಗಿದೆ. ಅದನ್ನು ಠಾಣೆಯಲ್ಲಿ ತೋರಿಸಿದರು. ಗಾಡಿ ಓಡಾಡುತ್ತಿದೆ ಅಂದರೆ ಮನುಷ್ಯ ಚೆನ್ನಾಗಿದ್ದಾನೆ, ಮನಸ್ಸು ಕೆಟ್ಟು ಹೋಗಿರಬೇಕು, ತಾನಾಗಿ ಬರುತ್ತಾನೆ ಎಂದರು. ಹುಡುಕಾಟ ನಿಂತಿತು. ಆರು ತಿಂಗಳಿಗೊಮ್ಮೆ ಮೆಸೇಜು ಬರುತ್ತಲೇ ಇತ್ತು. ಯಾರು ಕೇಳಿದರೂ ಜಯಮ್ಮ, "ಕೊಳ್ಳೇಗಾಲ್ದ್ ಕಡೆ ಅವ್ರೆ" ಎನ್ನುತ್ತಿದ್ದರು.

"ಮೊದ್ಲೇ ಬಂದು ಇಲ್ಲಿ ಯಾಕೆ ಕೇಳಲಿಲ್ಲ ಅಕ್ಕ?" ನನ್ನ ಬಾಯಿಂದ ಹೊರಟ ಮಾತು ಅದೊಂದೇ.

"ಕೇಳಿದ್ರೆ ನೀವು ಅವ್ರಿಗೆ ಏಳ್ಬುಡ್ತೀರಿ. ಆಮ್ಯಾಕೆ ಬ್ಯಾರೆ ಕಡೆ ಮಾಡಿಸ್ಕತಾರೆ. ಅದ್ಕೆ ಮುಗಿಯೋ ದಿನ ನೋಡ್ಕಂಡು ಬಂದು ಕುಂತೆ."

ಅವರು ಹೋದ ಮೇಲೆ ಡ್ರಾಯರು ತೆಗೆದೆ. ಆ ನಂಬರಿನ ಮೂರು ಚೀಟಿ ಅಲ್ಲಿದ್ದವು, ನಾಲ್ಕನೆಯದು ಪ್ರಿಂಟರಿನಲ್ಲಿ. ನಾಲ್ಕರ ಮೇಲೂ ಒಂದೇ ಅಂಕಿ, ದಶಮಾಂಶದ ಕೊನೆಯವರೆಗೂ. ಒಂದೇ ಕಾರಾದರೂ ದಿನದಿಂದ ದಿನಕ್ಕೆ ಚೂರು ಹೆಚ್ಚು ಕಡಿಮೆ ಬರುತ್ತದೆ. ಒಂಬತ್ತು ಡೈರಿಗಳಲ್ಲಿ ಬೇರೆ ಯಾವ ನಂಬರಿಗೂ ಹೀಗಾಗಿಲ್ಲ. ಕಾರಣ ನನಗೆ ಗೊತ್ತಿಲ್ಲ. ದಾಖಲೆಯಲ್ಲಿರುವುದನ್ನು ಹೇಳಿದ್ದೇನೆ.

ಮುಂದಿನ ಮೂರು ದಿನ ನನ್ನ ಡೈರಿ ಖಾಲಿ. ನಾಲ್ಕನೇ ದಿನ ಗುರುಸ್ವಾಮಿಯವರಿಗೆ ಹೇಳಿದೆ, ನಾನು ಠಾಣೆಯಲ್ಲಿ ಬರೆದುಕೊಡುತ್ತೇನೆ ಎಂದು.

"ತಲೆಗಿಲೆ ಕೆಟ್ಟದಾ ನಾಗ? ನನ್ ಲೈಸೆನ್ಸ್ ಓಯ್ತದೆ. ನಿನ್ನೂ ಬುಡಲ್ಲ ಅವ್ರು. ಇನ್ನೊಬ್ರು ಯಾರೂ ನಿನ್ನ ಕೆಲ್ಸಕ್ಕೆ ಸೇರಿಸ್ಕಳಲ್ಲ."

"ಗೊತ್ತು ಸಾ."

"ಎಲ್ರೂ ಮಾಡೋದ್ನೇ ನಾವ್ ಮಾಡಿದ್ದು."

"ಹೌದು ಸಾ. ಆದರೆ ಆಕೆ ಕಾರೊಳಗೆ ಕೂತಿದ್ದರು ಸಾ."

ಅವರು ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು. "ನಿನ್ ಪುಸ್ತಕ ತಕಂಡೋಗು, ನಂದೇನೂ ಕೇಳ್ಬ್ಯಾಡ" ಎಂದು ಮುಖ ತಿರುಗಿಸಿದರು.

ಮುಳ್ಳೂರಿನಲ್ಲಿ ಜಯಮ್ಮ ಯಾರದೋ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಬದುವಿನ ಮೇಲೆ ಡೈರಿಗಳನ್ನು ಬಿಚ್ಚಿ ನಾಲ್ಕು ಪುಟ ತೋರಿಸಿದೆ. ಅಂಕಿಗಳ ಡಬ್ಬಿಯನ್ನೂ ತಂದಿದ್ದೆ. ತಗಡಿನ ಮೇಲೆ ಅವರ ನಂಬರನ್ನು ಜೋಡಿಸಿ, ಕಳಚಿ, ಮತ್ತೆ ಜೋಡಿಸಿ ತೋರಿಸಿದೆ. ಅವರು ಸೊಪ್ಪಿನ ಚೀಲ ಹಿಡಿದೇ ನಿಂತಿದ್ದರು.

"ನಾಕೂ ನೀನೇಯಾ?"

"ನಾಲ್ಕೂ ನಾನೇ ಅಕ್ಕ."

"ಒಂದ್ರಲ್ಲೂ ಅವ್ರು ಇರ್ನಿಲ್ವಾ?"

"ಇರಲಿಲ್ಲ."

ಬೈಯುತ್ತಾರೆ, ಡಬ್ಬಿ ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಬದುವಿನ ಮೇಲೆ ಕೂತರು. "ಇನ್ಶೂರೆನ್ಸ್ ನಾನ್ ಕಟ್ತಾವ್ನಿ ಕಣಪ್ಪ, ಇಲ್ದಿರೋ ಗಾಡಿಗೆ. ಕೂಲಿ ಮಾಡಿ ಕಟ್ತಾವ್ನಿ. ಒಗೆ ಅವ್ರು ಮಾಡಿಸ್ತಾವ್ರೆ, ಇನ್ಶೂರೆನ್ಸ್ ನಾನ್ ನೋಡ್ಕತೀನಿ ಅಂತ. ಇಬ್ರೂ ಸೇರಿ ಗಾಡಿ ಮಡಗಿದ್ದೀವಿ ಅಂತ್ಲೇ ಅಂದ್ಕಂಡಿದ್ದೆ." ಎದ್ದು ಸೊಪ್ಪಿನ ಚೀಲವನ್ನು ಪಕ್ಕದ ಸಾಲಿನವರಿಗೆ ಕೊಟ್ಟು, "ನಡಿ, ಎಲ್ ಬರ್ಕೊಡ್ಬೇಕು ಬರ್ಕೊಡು" ಎಂದರು.

ಕೆಲಸಕ್ಕೆ ಸೇರುವವರಿಗೆ ಇಲ್ಲೊಂದು ಮಾತು. ಒಂದು ಅಂಕಿಯನ್ನು ಸುಳ್ಳಾಗಿ ಒತ್ತಿದಾಗ ಅದು ಕಂಪ್ಯೂಟರಿನಲ್ಲೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಅದು ಎಲ್ಲೋ ಒಬ್ಬರ ಮನೆಗೆ ಹೋಗುತ್ತದೆ. ನೀವು ಹೊಗೆಯ ಯಂತ್ರದ ಮುಂದೆ ಕೂತರೂ ಅಷ್ಟೇ, ನಾಳೆ ನನ್ನ ಹಾಗೆ ಬ್ಯಾಟರಿಯ ಮೀಟರಿನ ಮುಂದೆ ಕೂತರೂ ಅಷ್ಟೇ.

ಠಾಣೆಯಲ್ಲಿ ನಾನು ಎರಡು ಪುಟ ಬರೆದೆ. ನಾಲ್ಕು ತಾರೀಖು, ನಾಲ್ಕು ಸಮಯ, ಪ್ರತಿ ಸಲವೂ ಆ ನಂಬರಿನ ಕಾರು ಹಾಜರಿರಲಿಲ್ಲ ಎಂಬ ಸಾಲು, ಕೆಳಗೆ ಸಹಿ. ದಫೇದಾರರು ಎರಡು ಸಲ ಓದಿದರು. ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಹಳೆಯ ಕಡತ ತರಿಸಿ ದಾರ ಬಿಚ್ಚಿದರು.

"ಅಲ್ಲಮ್ಮ, ಗಾಡಿ ಕೊಳ್ಳೇಗಾಲ್ದಲ್ಲೇ ಓಡಾಡ್ತಾ ಅದೆ ಅಂತ ಮೆಸೇಜ್ ತಂದು ತೋರಿಸ್ದೋಳು ನೀನೇ. ಈಗ ಇಲ್ಲ ಅಂತಿದ್ದೀಯ. ಅಂಗಾದ್ರೆ ನಿನ್ ಗಂಡ ಎಲ್ಲವ್ನೆ?"

ಜಯಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಒಂದೂವರೆ ವರ್ಷ ಅವರ ಬಳಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವಿತ್ತು. ಅದನ್ನು ಕೊಟ್ಟವನು ನಾನು, ಕಿತ್ತುಕೊಂಡವನೂ ನಾನೇ. ಅವರು ನನ್ನ ಕಡೆ ನೋಡಲಿಲ್ಲ.

"ಗೊತ್ತಿಲ್ಲ ಸಾ," ಎಂದರು. "ಉಡ್ಕಿ."